ಟೀವಿಯಲ್ಲಿ ಹೇಳಿದ ಒಡಪು

ಪ್ರತಿ ವರ್ಷ ಹಂಗಾಮಿನ ಮೊದಲ ಮೆಣಸಿನಕಾಯಿ ಗಿರಣಿಗೆ ಬಿದ್ದ ದಿನ ನಮ್ಮ ಓಣಿಗೆ ಓಣಿಯೇ ಸೀನುತ್ತದೆ. ಎದುರು ಮನೆಯವರು ಕಿಟಕಿ ಹಾಕಿಕೊಳ್ಳುತ್ತಾರೆ. ಅಂಗನವಾಡಿ ಟೀಚರು ಮಕ್ಕಳನ್ನೆಲ್ಲ ಒಳಗೆ ಕೂಡಿ ನನ್ನನ್ನು ಮನಸಾರೆ ಬೈಯುತ್ತಾರೆ. ನಾನು ಮಾತ್ರ ಸೀನುವುದಿಲ್ಲ. ಖಾರ ಕುಟ್ಟುವ ಗಿರಣಿ ನಡೆಸುವವಳ ಮೂಗು ಎಂದೋ ಸತ್ತುಹೋಗಿರುತ್ತದೆ. ಆದರೂ ಆ ಮೊದಲ ದಿನದ ಘಾಟಿಗೆ ನನ್ನೊಳಗೆ ಒಂದು ವರ್ಷ ಎದ್ದು ಕೂರುತ್ತದೆ. ಊರವರು ಅದಕ್ಕೆ "ಗಿರಣಿ ಶೈಲವ್ವ ಟೀವ್ಯಾಗ ಬಂದ ವರ್ಷ" ಅನ್ನುತ್ತಾರೆ. ನನಗೆ ಅದು ನಮ್ಮ ಮನೆಯವರು ಹೋದ ವರ್ಷ. ಶ್ರಾವಣದಲ್ಲಿ ಅವರು ಹೋದರು, ಮೆಣಸಿನಕಾಯಿ ಹಂಗಾಮಿನಲ್ಲಿ ನಾನು ಟೀವಿಯಲ್ಲಿ ಬಂದೆ.

ನಮ್ಮದು ಕುಬಿಹಾಳದ ಬಾಜುವಿನ ಸಣ್ಣ ಊರು. ನನ್ನ ತವರು ದೇವಿಕೊಪ್ಪ, ಕಲಘಟಗಿ ಕಡೆಯ ಭತ್ತದ ನಾಡು. ಮದುವೆಯಾಗಿ ಇಲ್ಲಿಗೆ ಬಂದಾಗ ಎರೆ ಹೊಲದ ನಡುವೆ ಕೆಂಪಗೆ ಹರವಿದ ಮೆಣಸಿನಕಾಯಿ ಕಣ ನೋಡಿ ಯಾವುದೋ ದೇವರ ಕಾರ್ಯಕ್ಕೆ ಹಾಸಿದ ಜಮಖಾನೆ ಎಂದುಕೊಂಡಿದ್ದೆ. ಕೈ ಹಾಕಿ, ಅದೇ ಕೈಯಿಂದ ಕಣ್ಣು ಒರೆಸಿಕೊಂಡು, ಮೊದಲ ದಿನವೇ ಊರೆಲ್ಲ ಕೇಳುವ ಹಾಗೆ ಬೊಬ್ಬೆ ಹೊಡೆದೆ. ಹೊಸ ಮದುವಣಗಿತ್ತಿಯ ಕಣ್ಣಿಗೆ ಊದುವವರು ಯಾರು? ನಮ್ಮ ಮನೆಯವರು ಅಲ್ಲೇ ನಿಂತಿದ್ದರು. ಹಿರಿಯರೆದುರು ಹೆಂಡತಿಯ ಹತ್ತಿರ ಹೋಗಲು ನಾಚಿ ಒಂದು ತಂಬಿಗೆ ನೀರು ಮುಂದೆ ಚಾಚಿದರು. ಅಷ್ಟೇ. ಈ ತಂಬಿಗೆಯ ವಿಷಯ ಹಿಡಿದು ಸಂಸಾರದುದ್ದಕ್ಕೂ ಅವರನ್ನು ಕಾಡಿದ್ದೇನೆ.

ಒಡಪು ಹುಟ್ಟಿದ್ದೂ ಅದರಿಂದಲೇ. ನಮ್ಮ ಕಡೆ ಹೆಂಗಸರು ಗಂಡನ ಹೆಸರನ್ನು ಬಾಯಿಬಿಟ್ಟು ಕರೆಯುವುದಿಲ್ಲ. ಆದರೆ ಮದುವೆಯಲ್ಲೋ ಬಸುರಿಗೆ ಮಾಡುವ ಕುಬಸದಲ್ಲೋ ಮಂದಿ ಹಟ ಹಿಡಿದು ಹೆಸರು ಹೇಳಿಸುತ್ತಾರೆ, ಆಗ ನಾಲ್ಕು ಸಾಲು ಹಾಡಿನ ಹಾಗೆ ಕಟ್ಟಿ ಅದರ ಬಾಲಕ್ಕೆ ಹೆಸರು ಸೇರಿಸಿ ಹೇಳಬೇಕು. ಆ ಬೇಸಿಗೆ ನಮ್ಮ ಭಾವನ ಮಗಳ ಕುಬಸ. ಬಸುರಿ ಹುಡುಗಿಯ ಒಡಪು ಮುಗಿದ ಮೇಲೆ ಎಲ್ಲರೂ ನನ್ನ ಕಡೆ ತಿರುಗಿದರು. ನಮ್ಮ ಮನೆಯವರು ಕಂಬದ ಮರೆಯಲ್ಲಿ ನಿಂತು ಮೊಬೈಲಿನಲ್ಲಿ ತೆಗೆಯುತ್ತಿದ್ದರು. ಅವರು ಯಾವಾಗಲೂ ಮೊಬೈಲಿನ ಹಿಂದೆಯೇ ಇರುತ್ತಿದ್ದರು. ಮನೆಯ ಯಾವ ವಿಡಿಯೋ ತೆಗೆದರೂ ಅವರ ಮುಖವಿಲ್ಲ, ದನಿಯಿಲ್ಲ. ನಾನು ಅವರ ಕಡೆ ನೋಡುತ್ತಲೇ ಕಟ್ಟಿದೆ. ಕಣದ ತುಂಬ ಕೆಂಪು ಮೆಣಸಿನಕಾಯಿ, ಕಣ್ಣಿಗೆ ಖಾರ ಬಡಿದರೆ ಸೆರಗು ಸರಿಸಿ ಊದುತ್ತಾರೆ, ಊದುವವರು ಇಂಥವರು ಎಂದು. ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಅದು ಅದರ ಜಾಗದಲ್ಲಿ ಬರಲಿ.

ಹೆಸರು ಕೇಳಿದ್ದೇ ತಡ, ಮೊಬೈಲಿನ ಹಿಂದಿನಿಂದ ಅವರು "ಸುಳ್ಳ!" ಎಂದು ಕೂಗಿಬಿಟ್ಟರು. ಕೂಗಿ ನಕ್ಕರು. ಅವರ ನಗು ಬೇರೆಯೇ ಥರದ್ದು. ಮೊದಲು ಒಂದು ಉಸಿರನ್ನು ಗಕ್ಕನೆ ಒಳಗೆ ಎಳೆದುಕೊಳ್ಳುವರು, ಸೀನು ಬಂದು ನಿಂತವರ ಹಾಗೆ, ಆಮೇಲೆ ಅದನ್ನು ಮೂಗಿನಿಂದ ಸ್ವಲ್ಪ ಸ್ವಲ್ಪವೇ ಬಿಡುವರು. ಗಿರಣಿಯ ಸದ್ದಿನಲ್ಲೂ ಆ ನಗು ನನಗೆ ಗೊತ್ತಾಗುತ್ತಿತ್ತು. ಕುಬಸಕ್ಕೆ ಬಂದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು, ನಮ್ಮ ಅತ್ತೆಯನ್ನು ಬಿಟ್ಟು. ಅತ್ತೆ ನನ್ನೆದುರು ನಕ್ಕದ್ದನ್ನು ನಾನು ಮದುವೆಯಾದಾಗಿನಿಂದ ಕಂಡಿರಲಿಲ್ಲ. ಸೊಸೆಯೆದುರು ನಕ್ಕರೆ ಸೊಸೆ ತಲೆ ಮೇಲೆ ಕೂರುತ್ತಾಳೆ ಎಂಬ ಕಾಲದವರು ಅವರು.

ಶ್ರಾವಣದಲ್ಲಿ ನಮ್ಮ ಮನೆಯವರು ಗಿರಣಿಯ ಬೆಲ್ಟು ತರಲು ಹುಬ್ಬಳ್ಳಿಗೆ ಹೋದರು. ಬರುವಾಗ ಕುಂದಗೋಳ ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರೂ ಇಳಿದರು, ಅವರು ಇಳಿಯಲಿಲ್ಲ. ನಿದ್ದೆ ಹತ್ತಿದೆ ಎಂದುಕೊಂಡು ಕಂಡಕ್ಟರ್ ಭುಜ ಹಿಡಿದು ಅಲುಗಿಸಿದನಂತೆ. ಎದೆ, ಎಂದರು ಡಾಕ್ಟರು. ಆ ಎದೆಯ ಬಗ್ಗೆ ಅವರು ಒಂದು ದಿನವೂ ದೂರಿರಲಿಲ್ಲ, ದೂರುತ್ತಿದ್ದುದೆಲ್ಲ ನಾನು ಮಾಡುವ ಚಹಾದ ಬಗ್ಗೆ. ಬೆಲ್ಟು ಅವರ ಮಡಿಲಲ್ಲೇ ಇತ್ತು. ದಿನಕರ್ಮ ಮುಗಿದ ಮೇಲೆ ಅದನ್ನು ನಾನೇ ಗಿರಣಿಗೆ ಹಾಕಿದೆ. ಸರಿಯಾಗಿ ಕೂತಿತು.

ನಾನು ಅಳಲಿಲ್ಲ. ಅಳಬಾರದೆಂದು ಹಟ ಮಾಡಿದ್ದಲ್ಲ, ಬರಲಿಲ್ಲ. ಕೂತು ಕೂತು ಜೋಮು ಹಿಡಿದ ಕಾಲು ಹೇಗಿರುತ್ತದೆ, ಇದೆ ಎಂದು ಗೊತ್ತು, ಮುಟ್ಟಿದರೆ ತನ್ನದಲ್ಲ, ಹಾಗೆ ನಾನಿದ್ದೆ. ಬಂದ ಹೆಂಗಸರು ತಬ್ಬಿಕೊಂಡು "ಅತ್ತ ಬಿಡವಾ ಶೈಲಾ, ಎದಿ ಹಗರಾಕ್ಕೇತಿ" ಎಂದು ಬೆನ್ನು ತಟ್ಟಿದರು. ಒಬ್ಬಾಕೆ ತೋಳು ಚಿವುಟಿಯೂ ನೋಡಿದಳು. ಆಮೇಲೆ ಆಮೇಲೆ ಬಾವಿಕಟ್ಟೆಯಲ್ಲಿ ಮಾತು ಬೇರೆಯಾಯಿತು. ಆಕಿ ಕಲ್ಲ ಬಿಡವಾ, ಗಂಡ ಹೋದ್ರ ಒಂದ ಹನಿ ನೀರ ತಗೀಲಿಲ್ಲ. ನನಗೆ ಸಿಟ್ಟೂ ಬರಲಿಲ್ಲ. ಬೀಸಲು ಬಂದ ಜೋಳ ಬೀಸಿದೆ, ಗೋಧಿ ಬೀಸಿದೆ, ಹೊತ್ತಿಗೆ ಸರಿಯಾಗಿ ಉಂಡೆ.

ದಸರೆಯ ಮುಂದೆ ವೀರೇಶ ಬಂದ. ನಮ್ಮ ಭಾವನ ಮಗ ಇವನು, ಕುಬಸದ ಹುಡುಗಿಯ ತಮ್ಮ. ಹುಬ್ಬಳ್ಳಿಯಲ್ಲಿ ಮದುವೆ ಆರ್ಕೆಸ್ಟ್ರಾಗಳಿಗೆ ಕೀಬೋರ್ಡು ಬಾರಿಸುತ್ತ, ಕಂಪ್ಯೂಟರಿನಲ್ಲಿ ಹಾಡು ಕೂಡಿಸುತ್ತ ಇದ್ದ. ಕುಬಸದ ಆ ವಿಡಿಯೋ ಇವನ ಮೊಬೈಲಿಗೂ ಹೋಗಿತ್ತಂತೆ. ನನ್ನ ಒಡಪು, ಅದರ ಹಿಂದೆ ಅವರ "ಸುಳ್ಳ!", ಆ ನಗು, ನಗು ಮುಗಿಯುತ್ತಿದ್ದಂತೆ ಡೋಲು, ಹಲಗಿ, ಒಬ್ಬ ಹುಡುಗಿಯ ಹಾಡು, ಹೀಗೆ ಒಂದು ಹಾಡು ಮಾಡಿದ್ದ.

"ಕಾಕಿ, ಕಾಕಾನ ದನಿ ಇಟ್ಟೇನಿ. ಬ್ಯಾಡಂದ್ರ ಈಗ ಹೇಳ್ರಿ, ತಗದ ಹಾಕ್ತೇನಿ."

"ಇರ್ಲಿ ಬಿಡು" ಎಂದೆ. ಬೇಕು ಎಂದು ಅನ್ನಿಸಿದ್ದಕ್ಕಲ್ಲ, ಬೇಡ ಎನ್ನುವುದಕ್ಕೂ ಮನಸ್ಸು ಬೇಕಲ್ಲ.

ಆ ಹಾಡು ಹಿಂಗಾರಿಯ ಹೊತ್ತಿಗೆ ಎಲ್ಲಿ ನೋಡಿದರಲ್ಲಿ ಕೇಳತೊಡಗಿತು. ಹತ್ತಿ ಹೇರಿಕೊಂಡ ಟ್ರ್ಯಾಕ್ಟರಿನಲ್ಲಿ ಅದೇ, ಮದುವೆ ಮೆರವಣಿಗೆಯಲ್ಲಿ ಅದೇ, ಅಣ್ಣಿಗೇರಿ ಬಸ್ಸಿನಲ್ಲೂ ಅದೇ. ಶಾಲೆಯ ಮಕ್ಕಳು ಮಾಸ್ತರು ಏನು ಹೇಳಿದರೂ "ಸುಳ್ಳ!" ಎಂದು ಕೂಗಿ ಏಟು ತಿಂದರು. ಬದುಕಿದ್ದಾಗ ಓಣಿ ದಾಟದ ನಮ್ಮ ಮನೆಯವರ ದನಿ ಈಗ ತಾಲೂಕು ದಾಟಿತು. ನಾನು ಗಿರಣಿಯ ಬಾಗಿಲಲ್ಲಿ ಕೂತು ಅದನ್ನು ಇನ್ನಾರದೋ ಮನೆಯ ಸುದ್ದಿಯ ಹಾಗೆ ಕೇಳುತ್ತಿದ್ದೆ.

ಅತ್ತೆ ಹಾಗಲ್ಲ. ಅವರ ಕಣ್ಣಿಗೆ ಪೊರೆ ಬಂದು ಮನುಷ್ಯರು ನೆರಳಿನ ಹಾಗೆ ಕಾಣುತ್ತಿದ್ದರು. ಕಿವಿ ಮಾತ್ರ ಚುರುಕು. ಸಂಜೆ ಟ್ರ್ಯಾಕ್ಟರುಗಳು ಊರಿಗೆ ತಿರುಗುವ ಹೊತ್ತಿಗೆ ಹೊರಗಿನ ಕಟ್ಟೆಗೆ ಬಂದು ಕೂರುವರು. ಹಾಡು ಹಚ್ಚಿದ ಟ್ರ್ಯಾಕ್ಟರು ಹತ್ತಿರ ಬಂದರೆ ಬತ್ತಿ ಹೊಸೆಯುತ್ತಿದ್ದ ಕೈ ನಿಲ್ಲುತ್ತಿತ್ತು. ನನ್ನ ಒಡಪು ಬರಬೇಕು, "ಸುಳ್ಳ!" ಬರಬೇಕು, ನಗು ಬರಬೇಕು, ಆಮೇಲೆ ಕೈ ಮತ್ತೆ ಓಡುವುದು. ಯಾವ ಟ್ರ್ಯಾಕ್ಟರೂ ಆ ಹಾಡು ಹಚ್ಚದ ದಿನ ಊಟಕ್ಕೆ ಕರೆದರೆ "ಹಸಿವಿಲ್ಲ" ಎನ್ನುವರು. ನಾನು ಮೊಬೈಲಿನಲ್ಲಿ ಹಚ್ಚಿ ಕೊಡುತ್ತೇನೆ ಎಂದರೆ ಬೇಡ ಎಂದರು. ಮಗ ತಾನಾಗಿಯೇ ಬೀದಿಯಿಂದ ಬರಬೇಕಿತ್ತೋ ಏನೋ.

ಹೀಗಿರುವಾಗ ಟೀವಿಯವರ ಕರೆ ಬಂತು. ಒಂದು ಚಾನೆಲ್ಲಿನವರು ವರ್ಷಕ್ಕೊಮ್ಮೆ ಆ ವರ್ಷದ ಹಾಡುಗಳಿಗೆಲ್ಲ ಬೆಂಗಳೂರಿನಲ್ಲಿ ಪ್ರಶಸ್ತಿ ಕೊಡುತ್ತಾರೆ, ಕುಣಿತ, ಹಾಡು, ದೀಪ, ಹೊಗೆ ಎಲ್ಲ ಇರುತ್ತದೆ, ಅದನ್ನು ಆಮೇಲೆ ಭಾನುವಾರ ಸಂಜೆ ತೋರಿಸುತ್ತಾರೆ. ನಮ್ಮ ಮನೆಯವರು ಅದನ್ನು ಒಂದು ವರ್ಷವೂ ಬಿಟ್ಟವರಲ್ಲ. ಯಾರಿಗೆ ಬರುತ್ತದೆ ಎಂದು ನನ್ನ ಜೊತೆ ಪಂದ್ಯ ಕಟ್ಟುವರು, ಸೋತವರು ಮರುದಿನ ಚಹಾ ಮಾಡಬೇಕು. ಪ್ರತಿ ಸಲವೂ ಸೋಲುತ್ತಿದ್ದವರು ಅವರು, ಚಹಾ ಮಾಡುತ್ತಿದ್ದವಳು ನಾನು. ಈ ಸಲ ಜಾನಪದ ಹಾಡುಗಳ ಸಾಲಿನಲ್ಲಿ ವೀರೇಶನ ಹಾಡೂ ಇತ್ತು. ನಾನು ವೇದಿಕೆ ಮೇಲೆ ನಿಂತು ಒಡಪು ಹೇಳಬೇಕಂತೆ.

"ನಾ ಬರೂದಿಲ್ಲೋ" ಎಂದೆ.

ವೀರೇಶ ಹೇಳಿದ, "ಕಾಕಿ, ಹಾಡಿನ್ಯಾಗ ನಿಮ್ಮ ದನೀನೂ ಹಳೇದು, ಕಾಕಾಂದೂ ಹಳೇದು. ಅಲ್ಲೆ ಹಂಗಲ್ಲ. ನಿಮ್ಮ ದನಿ ತಗದು ಕಾಕಾಂದಷ್ಟ ಇಡ್ತೇನಿ. ನೀವು ಆವತ್ತ ಅಲ್ಲೆ ನಿಂತ ಹೆಸರ ಹೇಳಿದ್ರಿ ಅಂದ್ರ, ಅಷ್ಟ ದೊಡ್ಡ ಸ್ಪೀಕರಿನ್ಯಾಗ ಕಾಕಾ ನಿಮಗ ಉತ್ತರಾ ಕೊಡ್ತಾನ."

ಅವನಿಗೆ ಅದು ತಾಂತ್ರಿಕ ಮಾತು. ನನಗೆ ಮಾತ್ರ ಅಷ್ಟು ತಿಂಗಳಲ್ಲಿ ಮೊದಲ ಸಲ ಏನೋ ಬೇಕು ಅನ್ನಿಸಿತು. ಹಾಡಿನಲ್ಲಿರುವ ನಾವಿಬ್ಬರು ಆ ಬೇಸಿಗೆಯವರು, ಅವರ ಪಾಡಿಗೆ ಅವರು ನಗುತ್ತಿರುತ್ತಾರೆ. ಈಗಿನ ನಾನು ಕರೆದರೆ ನಮ್ಮ ಮನೆಯವರು ಓಗೊಡುತ್ತಾರೆ ಎಂದರೆ ಬೆಂಗಳೂರೇನು, ದಿಲ್ಲಿಗಾದರೂ ಹೋಗುತ್ತಿದ್ದೆ.

ಸುದ್ದಿ ಕೇಳಿ ಬಸಲಿಂಗ ಕಾಕಾ ಬಂದರು. ನಮ್ಮ ಮಾವನ ತಮ್ಮ, ಮನೆತನದ ಹಿರಿಯರು. ಮುತ್ತೈದೆಯರು ಹೇಳುವ ಒಡಪನ್ನು ಗಂಡನಿಲ್ಲದವಳು ಹೇಳಿದ್ದು ನಮ್ಮಲ್ಲಿ ಇಲ್ಲ, ಅದು ನನಗೂ ಗೊತ್ತಿತ್ತು.

"ಗಂಡ ಸತ್ತಾಕಿ ಒಡಪ ಹಾಕೂದು ಎಲ್ಲೆರೆ ಕೇಳೀರೇನು ವೈನಿ?" ಎಂದು ಅತ್ತೆಯನ್ನು ಕೇಳಿದರು. "ಅದೂ ಟೀವ್ಯಾಗ! ನಾಳೆ ಮಂದಿ ನಮ್ಮ ಮಾರಿ ಮ್ಯಾಲೆ ಉಗಳ್ತಾರ."

ಅತ್ತೆ ಬತ್ತಿ ಹೊಸೆಯುವುದನ್ನು ನಿಲ್ಲಿಸಲಿಲ್ಲ. ಅವರೂ ಬೇಡವೆಂದೇ ಹೇಳುತ್ತಾರೆ ಎಂದು ನಾನು ಒಳಗೆ ಹೋಗಲು ಎದ್ದೆ.

"ಬಸಲಿಂಗಾ" ಎಂದರು ಅತ್ತೆ. "ಅಂವ ಹ್ವಾದ ಮ್ಯಾಲೆ ಅವನ ಹೆಸರ ನಮ್ಮ ಮನ್ಯಾಗ ಯಾರ ಬಾಯಾಗೂ ಬಂದಿಲ್ಲ. ನೀನೂ ತೀರಿಕೊಂಡಾವ, ತೀರಿಕೊಂಡಾವ ಅಂತೀದಿ. ಆಕಿ ಹೆಸರ ಕರದ್ರ ಅಂವ ಉತ್ತರಾ ಕೊಡ್ತಾನಂತ. ಕರಿಯಾಕಿ ಆಕಿ, ಓ ಅನ್ನಾವ ಅಂವ, ಕೇಳಾಕಿ ನಾನು. ನಡುವ ನಿಂದೇನೋ?"

ಕಾಕಾ ರುಮಾಲು ತೆಗೆದು ಕೊಡವಿ ಮತ್ತೆ ಸುತ್ತಿಕೊಂಡು ಹೋದರು.

ಬೆಂಗಳೂರಿನ ಆ ಸಭಾಂಗಣದ ಬಗ್ಗೆ ಕೇಳಿದವರಿಗೆಲ್ಲ ನಾನು ಹೇಳಿದ್ದು ಒಂದೇ ಮಾತು, ಅಲ್ಲಿ ಥಂಡಿ ಬಹಳ. ಮಾಘದ ಬಿಸಿಲಿನಲ್ಲಿ ಹೊರಗಿದ್ದು ಒಳಗೆ ಬಂದರೆ ಹಲ್ಲು ಕಡಿಯುವಷ್ಟು ಥಂಡಿ. ಬಣ್ಣ ಹಚ್ಚುವ ಹುಡುಗಿ ಹಸಿರು ಬಳೆ, ಕುಂಕುಮದ ಡಬ್ಬಿ, ಒಂದು ಸುಳ್ಳು ತಾಳಿ ತಂದು "ಹಳ್ಳಿ ಲುಕ್ ಬೇಕಂತೆ ಅಮ್ಮ" ಎಂದಳು. "ವಿಭೂತಿ ಸಾಕವಾ, ನಮ್ಮನಿಯವರು ಇಲ್ಲ" ಎಂದೆ. ಪಾಪದ ಹುಡುಗಿ, ಡಬ್ಬಿಯನ್ನು ಹಿಂದೆ ಬಚ್ಚಿಟ್ಟುಕೊಂಡಳು. ಟೀವಿಯಲ್ಲಿ ನೋಡಿದ್ದ ಹಾಡುಗಾರರೆಲ್ಲ ಅಲ್ಲಿ ಗಾಜಿನ ಲೋಟದಲ್ಲಿ ನೀರು ಕುಡಿಯುತ್ತ ಓಡಾಡುತ್ತಿದ್ದರು. ನಮ್ಮ ಮನೆಯವರಿದ್ದಿದ್ದರೆ ಒಬ್ಬೊಬ್ಬರ ಹಿಂದೆಯೂ ಮೊಬೈಲು ಹಿಡಿದು ಹೋಗುತ್ತಿದ್ದರು. ನನಗೆ ಅವರೆಲ್ಲ ಟೀವಿಯಲ್ಲಿದ್ದಷ್ಟೇ ದೂರ ಕಂಡರು. ವೀರೇಶ ಬೆಳಗಿನಿಂದ ನನ್ನ ಮುಖ ನೋಡುತ್ತಿರಲಿಲ್ಲ. ಗಾಬರಿ ಇರಬೇಕೆಂದು ಸುಮ್ಮನಾದೆ.

ನನ್ನ ಸರದಿ ಬಂತು. ರಟ್ಟಿನಲ್ಲಿ ಮಾಡಿದ ಒಂದು ಚಕ್ಕಡಿ, ಎರಡು ಎತ್ತು, ಪ್ಲಾಸ್ಟಿಕ್ಕಿನ ಮೆಣಸಿನಕಾಯಿ ರಾಶಿ, ಅದರ ಪಕ್ಕದಲ್ಲಿ ನನ್ನನ್ನು ನಿಲ್ಲಿಸಿದರು. ಕಾಲ ಬುಡದಿಂದ ಬಿಳಿ ಹೊಗೆ ಎದ್ದು ಕಣ್ಣಿಗೆ ಹೋಯಿತು, ಸೆರಗಿನಿಂದ ಒರೆಸಿಕೊಂಡೆ. ಎದುರು ಕತ್ತಲು, ಕತ್ತಲ ತುಂಬ ಮಂದಿ. ಕೈಯಲ್ಲಿ ಮೈಕು. ನಾನು ಯಾರ ಕಡೆಯೂ ನೋಡದೆ ಸ್ಪೀಕರಿನ ಕಡೆಗೆ ತಿರುಗಿ ಒಡಪು ಹೇಳಿದೆ. ನಾಲ್ಕನೆಯ ಸಾಲಿಗೆ ಬಂದು ಹೆಸರು ಹೇಳಿದೆ.

ಹೇಳಿ ಕಾಯ್ದೆ.

"ಸುಳ್ಳಾ!" ಎಂದು ಯಾರೋ ಕಿರುಚಿದರು. ರಟ್ಟಿನ ಚಕ್ಕಡಿಯ ಹಿಂದಿನಿಂದ ಒಬ್ಬ ಹಾರಿ ಬಂದ. ಗಾಡಿಚಕ್ರದಷ್ಟು ದೊಡ್ಡ ರುಮಾಲು, ಅಂಟಿಸಿದ ಮೀಸೆ, ಮೊಳಕಾಲ ಮೇಲಿನ ಧೋತ್ರ. ನಮ್ಮ ಮನೆಯವರು ಹುಟ್ಟಿದಾಗಿನಿಂದ ರುಮಾಲು ಸುತ್ತಿದವರಲ್ಲ, ಪ್ಯಾಂಟು ಶರ್ಟಿನವರು. ಈತ ನನ್ನ ಬಾಜು ನಿಂತು ಹೊಟ್ಟೆ ಕುಣಿಸಿ "ಹಹಹ" ಎಂದು ನಕ್ಕ. ಸಭೆಯೆಲ್ಲ ನಕ್ಕಿತು. ನಿರೂಪಕಿ ಓಡಿ ಬಂದು "ನೋಡಿ, ನೋಡಿ, ಯಜಮಾನ್ರು ಬಂದೇ ಬಿಟ್ರು!" ಎಂದಳು. ಡೋಲು ಸುರುವಾಯಿತು, ಹುಡುಗಿಯರು ಬಂದು ಕುಣಿದರು. ನಾನು ನಿಂತೇ ಇದ್ದೆ. ಕೂಗಬೇಕಿತ್ತು, ಮೈಕು ಎಸೆಯಬೇಕಿತ್ತು ಎಂದು ಆಮೇಲೆ ಎಷ್ಟೋ ಮಂದಿ ಹೇಳಿದರು. ನನಗೆ ಹೊಳೆದದ್ದು ಒಂದೇ, ಅವರು ಉತ್ತರ ಕೊಡಲಿಲ್ಲ.

ಆಮೇಲೆ ಪ್ರಶಸ್ತಿ ನಮ್ಮ ಹಾಡಿಗೇ ಬಂತು. ವೀರೇಶ ಗಾಜಿನ ಗೊಂಬೆ ಹಿಡಿದು ಅತ್ತ. ನಿರೂಪಕಿ ಅಷ್ಟರಲ್ಲಿ ದನಿ ಇಳಿಸಿ, ಈ ತಾಯಿಯ ಗಂಡ ಈಗ ನಮ್ಮ ನಡುವೆ ಇಲ್ಲ ಎಂದು ಹೇಳಿ, ಮೈಕನ್ನು ನನ್ನ ಬಾಯಿಗೆ ಹಿಡಿದಳು. "ಈ ಕ್ಷಣ ಏನನ್ನಿಸ್ತಿದೆ ಶೈಲಮ್ಮ?"

"ಏನೂ ಅನಸವಲ್ದ್ರಿ" ಎಂದೆ. ಅದು ನಿಜವಾಗಿತ್ತು.

ಕೆಳಗಿಳಿದು ಬಂದಾಗ ಆ ನಟ ಮೀಸೆ ಕಿತ್ತು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ. ಮೈಸೂರ ಕಡೆಯವನು, ವಯಸ್ಸಾದ ಮನುಷ್ಯ. "ಅಮ್ಮಾ, ನನಗ್ಯಾರೂ ಹೇಳ್ಲಿಲ್ಲ. ಹಳ್ಳಿ ಗಂಡ ಹೆಂಡ್ತಿ ಕಾಮಿಡಿ ಅಂದ್ರು, ಮಾಡ್ದೆ" ಎಂದು ಕಾಲಿಗೆ ಬಗ್ಗಿದ. ಹಿಡಿದು ಎತ್ತಿದೆ. "ನೀವರೆ ಏನ ಮಾಡ್ತೀರ್ರಿ, ಬಿಡ್ರಿ" ಎಂದೆ.

ರೈಲಿನಲ್ಲಿ ವೀರೇಶ ಬಾಯಿ ಬಿಟ್ಟ. ಮೊಬೈಲಿನ ದನಿ ಒರಟು, ದೊಡ್ಡ ಸ್ಪೀಕರಿನಲ್ಲಿ ಕೇಳಲಾಗದು ಎಂದು ಟೀವಿಯವರು ಆವತ್ತು ಬೆಳಿಗ್ಗೆ ತೆಗೆದುಹಾಕಿದರಂತೆ. ಇವನು ಜಗಳಾಡಿದನಂತೆ, ಹಾಗಾದರೆ ಹಾಡೇ ಬೇಡ ಎಂದರಂತೆ. "ನಿಮಗ ಹೇಳಾಕ ಧೈರ್ಯ ಆಗಲಿಲ್ಲ ಕಾಕಿ." ನಾನು ಕಿಟಕಿಯಿಂದ ಹೊರಗೆ ನೋಡುತ್ತ, ಮನೆಯಲ್ಲಿ ಕಾಯುತ್ತಿದ್ದ ಅವನ ಅಜ್ಜಿಯನ್ನು ನೆನೆದು ಒಂದು ಮಾತು ಕೇಳಿದೆ. "ಆಯಿಗೆ ಏನಂತ ಹೇಳ್ತೀ?" ಅವನು ಗಾಜಿನ ಗೊಂಬೆಯನ್ನು ಚೀಲದ ತಳಕ್ಕೆ ತುರುಕಿದ.

ಅತ್ತೆ ಬಾಗಿಲಲ್ಲೇ ಕೂತಿದ್ದರು. ಚೀಲ ಇಳಿಸುವ ಮೊದಲೇ ಕೇಳಿದರು, "ಓ ಅಂದನೇನು?"

"ಟೀವ್ಯಾಗ ಬರ್ತೈತ್ರಿ ಅತ್ತಿ. ನೀವ ಕೇಳೀರಂತ" ಎಂದೆ.

ಯಾಕೆ ಹಾಗೆಂದೆನೋ. ನಿಜ ಹೇಳಿದ್ದರೆ ಆ ಮುದುಕಿ ಅಷ್ಟು ದಿನ ಕಾಯುವುದು ತಪ್ಪುತ್ತಿತ್ತು. ಆದರೆ ಬಾಗಿಲಲ್ಲಿ ಕಾದು ಕೂತ ಆ ಮುಖಕ್ಕೆ ಅದನ್ನು ಹೇಳುವುದು ನನ್ನಿಂದಾಗಲಿಲ್ಲ. ಹಂಗಾಮು ಜೋರಾಗಿತ್ತು. ವರ್ಷದ ಖಾರ ಕುಟ್ಟಿಸಲು ಸುತ್ತಲ ಊರುಗಳಿಂದ ಹೆಂಗಸರು ತೊಟ್ಟು ಮುರಿದ ಮೆಣಸಿನಕಾಯಿ ಡಬ್ಬಿ ಹಿಡಿದು ಸಾಲಾಗಿ ಕೂರುತ್ತಿದ್ದರು. ಕೂತವರಿಗೆಲ್ಲ ಅತ್ತೆ ಹೇಳುವರು, "ಐತವಾರ ಸಂಜಿಮುಂದ ಬರ್ರೆವಾ, ನನ್ನ ಮಗ ಮಾತಾಡ್ತಾನ." ನಾನು ಗಿರಣಿಯ ಸದ್ದಿನೊಳಗೆ ತಲೆ ಹಾಕಿಕೊಂಡು ಕೇಳಿಸದ ಹಾಗೆ ಇರುತ್ತಿದ್ದೆ.

ಭಾನುವಾರ ಗಿರಣಿ ಬಂದ್ ಇಟ್ಟು, ಟೀವಿಯನ್ನು ಹೊರಗೆ ತಂದು, ಮೆಣಸಿನಕಾಯಿ ಚೀಲದ ಮೇಲೆ ಇಟ್ಟರು. ಇನ್ನೂ ಬಿಸಿಲಿತ್ತು. ಅಂಗಳದ ತುಂಬ ಜನ. ಬರುವುದಿಲ್ಲ ಎಂದಿದ್ದ ಬಸಲಿಂಗ ಕಾಕಾ ಸಹ ಬಂದು ಹಿಂದೆ ಗೋಡೆಗೆ ಒರಗಿ ನಿಂತರು. ಅತ್ತೆಗೆ ಟೀವಿಯ ಹತ್ತಿರವೇ ಚಾಪೆ. ಕಾಣುವುದಿಲ್ಲವಾದ್ದರಿಂದ ಕಿವಿಯನ್ನು ಟೀವಿಗೆ ಕೊಟ್ಟು ಅಡ್ಡಲಾಗಿ ಕೂತಿದ್ದರು. ನಾನು ಅವರ ಹಿಂದೆ ಕೂತೆ. ಯಾರ್ಯಾರೋ ಹಾಡಿದರು, ಯಾರ್ಯಾರಿಗೋ ಬಂತು. ಅತ್ತೆ ಒಂದೊಂದಕ್ಕೂ "ಇದ?" "ಈಗ?" ಎಂದು ಕೇಳುವರು. ಅಷ್ಟು ಹೊತ್ತಿನಲ್ಲಿ ಒಂದು ಸಲವಾದರೂ ಹೇಳಿಬಿಡಬಹುದಿತ್ತು. "ಇದಲ್ರಿ ಅತ್ತಿ" ಎಂದಷ್ಟೇ ಹೇಳಿದೆ.

ನಾನು ಬಂದೆ. ಹೊಗೆಗೆ ಕಣ್ಣೊರೆಸಿಕೊಂಡದ್ದನ್ನು ದೊಡ್ಡದಾಗಿ, ನಿಧಾನವಾಗಿ, ಪಿಟೀಲು ಸೇರಿಸಿ ತೋರಿಸಿದರು. "ಅಯ್ಯ, ಅತ್ತಾಳ ನೋಡ್ರೆ" ಎಂದು ಹೆಂಗಸರು ತಮ್ಮ ಕಣ್ಣನ್ನೂ ಒರೆಸಿಕೊಂಡರು. ಟೀವಿಯಲ್ಲಿ ನಾನು ಒಡಪು ಹೇಳಿದೆ, ಹೆಸರು ಹೇಳಿದೆ. ಅತ್ತೆ ಉಸಿರು ಹಿಡಿದರು.

"ಸುಳ್ಳಾ!" ಎಂದು ಆತ ಹಾರಿ ಬಂದ. ಹಿಂದೆ ನಾಲ್ಕಾರು ಮಂದಿ ರೂಢಿಯಂತೆ ನಕ್ಕರು. ನಕ್ಕವರು ಅರ್ಧಕ್ಕೇ ನಿಲ್ಲಿಸಿದರು.

"ಯಾರಿಂವ?" ಎಂದರು ಅತ್ತೆ.

ಕಿವಿಯನ್ನು ಟೀವಿಗೆ ಇನ್ನೂ ಹತ್ತಿರ ತಂದರು.

"ಶೈಲಾ, ಯಾರ ಇಂವ? ನನ್ನ ಮಗ ಹಿಂಗ ನಗ್ತಿದ್ದಿಲ್ಲ."

"ಅವರ ದನಿ ತಗದ ಬಿಟ್ಟಾರ್ರಿ ಅತ್ತಿ. ಬ್ಯಾರೆದವ್ರ ಕಡೆ ಅನಿಸ್ಯಾರ. ನಾ ಹೇಳಿದೆ, ಅಲ್ಲೆ ಯಾರೂ ಓ ಅನ್ಲಿಲ್ಲ" ಎಂದೆ. ನನ್ನ ದನಿ ಹಿಟ್ಟಿನ ಲೆಕ್ಕ ಹೇಳುವ ಹಾಗೆ ಸಪ್ಪಗಿತ್ತು.

"ಬಂದ್ ಮಾಡ್ರಿ ಅದನ್ನ."

ಬಸಲಿಂಗ ಕಾಕಾನೇ ಬಂದು ಟೀವಿ ಬಂದ್ ಮಾಡಿದರು. ಪ್ರಶಸ್ತಿ ಬಂದದ್ದನ್ನು ನಮ್ಮ ಊರಿನಲ್ಲಿ ಆವತ್ತು ಯಾರೂ ನೋಡಲಿಲ್ಲ. ಅತ್ತೆ ಚಾಪೆಯ ಮೇಲೆ ತಿರುಗಿ ನನ್ನ ಕಡೆ ಮುಖ ಮಾಡಿ ಕೂತರು.

"ಈಗ ಹೇಳು."

"ಏನ್ರಿ?"

"ಅದನ್ನ. ನನ್ನ ಮುಂದ ಹೇಳು. ನಾ ಕೇಳ್ತೇನಿ."

ನಾನು ಕಾಕಾನ ಕಡೆ ನೋಡಿದೆ. ಅವರು ನೆಲ ನೋಡುತ್ತಿದ್ದರು. ಅಂಗಳದಲ್ಲಿ ಇಷ್ಟು ಜನ ಮುತ್ತೈದೆಯರು, ನಡುವೆ ನಾನು. ಹೇಳಿದೆ.

"ಕೆಂಪನ ಮೆಣಸಿನಕಾಯಿ ಕಣದ ತುಂಬ ರಾಶಿ,
ಕಣ್ಣಿಗಿ ಖಾರ ಬಡದ್ರ ಊದ್ತಾರ ಸೆರಗ ಸರಿಸಿ,
ಊದವರ ಹೆಸರೇನಂದ್ರ ಹೇಳತೀನಿ ನಾಚಿ,
ನಮ್ಮ ಮನಿ ಯಜಮಾನ್ರು ಗದಿಗೆಪ್ಪ."

ಅತ್ತೆ ಮುಖ ಮೇಲೆತ್ತಿದರು.

"ಸುಳ್ಳ!" ಎಂದರು. "ಯಾವಾಗ ಊದ್ಯಾನ ಬೇ ಅಂವ? ತಂಬಿಗಿ ಹಿಡಕೊಂಡ ನಿಂತಿದ್ದ ಮೂಳ!"

ಎಂದು ನಕ್ಕರು. ಮೊದಲು ಒಂದು ಉಸಿರನ್ನು ಗಕ್ಕನೆ ಒಳಗೆ ಎಳೆದುಕೊಂಡರು, ಸೀನು ಬಂದು ನಿಂತವರ ಹಾಗೆ. ಆಮೇಲೆ ಅದನ್ನು ಮೂಗಿನಿಂದ ಸ್ವಲ್ಪ ಸ್ವಲ್ಪವೇ ಬಿಟ್ಟರು.

ಅದೇ ನಗು. ಒಂದೇ ಮನೆಯಲ್ಲಿ ಅಷ್ಟು ವರ್ಷ ಇದ್ದೂ ಆ ನಗು ನಮ್ಮ ಮನೆಯವರಿಗೆ ಎಲ್ಲಿಂದ ಬಂದಿತ್ತೆಂದು ನನಗೆ ಗೊತ್ತಿರಲಿಲ್ಲ. ಶ್ರಾವಣದಿಂದ ಬಾರದ್ದು ಮೆಣಸಿನಕಾಯಿ ಚೀಲಗಳ ನಡುವೆ, ಊರೆಲ್ಲ ನೋಡುತ್ತಿರುವಾಗ ಬಂತು. ನಾನು ಬಾಯಿಬಿಟ್ಟು ಅತ್ತುಬಿಟ್ಟೆ.

ಅತ್ತೆ ನಗುವುದನ್ನು ನಿಲ್ಲಿಸಿದರು. ಕೈ ಚಾಚಿ ತಡಕಾಡಿ ನನ್ನ ಗಲ್ಲ ಹಿಡಿದರು. ಬೆರಳಿಗೆ ನೀರು ಹತ್ತಿರಬೇಕು.

"ಕಣ್ಣಾಗ ಖಾರ ಬಿತ್ತೇನವಾ?" ಎಂದರು.

"ಹೌದ್ರಿ ಅತ್ತಿ" ಎಂದೆ.

ಅವರು ನನ್ನ ಮುಖವನ್ನು ಹತ್ತಿರಕ್ಕೆ ಎಳೆದುಕೊಂಡು, ಸೆರಗು ಸರಿಸಿ, ಕಣ್ಣಿಗೆ ಊದಿದರು.